ಲಾರಿಯ ಮೂರು ಸೆಕೆಂಡು: ಹೆದ್ದಾರಿಗೆ ಸೇರುವ ಗಾಡಿಗಳ ಚರಿತ್ರೆ

ಬಿ.ಜಿ. ಕೆರೆಯಿಂದ ಹೊರಟ ಒಂದು ಬೈಕು ಬಳ್ಳಾರಿ ರಸ್ತೆಗೆ ಸೇರಬೇಕು ಅಂತ ಇಟ್ಟುಕೊಳ್ಳಿ. ನಿಂತ ಜಾಗದಿಂದ ಹೊರಟು ಗಂಟೆಗೆ 60 ಕಿ.ಮೀ. ವೇಗ ಹಿಡಿಯೋದಕ್ಕೆ ಅದಕ್ಕೆ ಹತ್ತು ಸೆಕೆಂಡು ಬೇಕು. ಅಷ್ಟರಲ್ಲಿ ಬೈಕು ಸಾಗಿರೋದು ಸುಮಾರು 83 ಮೀಟರ್. ಹಿಂದಿನಿಂದ 80 ಕಿ.ಮೀ. ವೇಗದಲ್ಲಿ ಬರೋ ಲಾರಿ ಅದೇ ಹತ್ತು ಸೆಕೆಂಡಿನಲ್ಲಿ 222 ಮೀಟರ್ ಸಾಗಿರುತ್ತೆ. ಅಂದರೆ ಹೊರಡುವಾಗ ಇಬ್ಬರ ನಡುವೆ 140 ಮೀಟರ್ ದೂರ ಇದ್ದರೂ ಅದಷ್ಟೂ ಕರಗಿ, ಲಾರಿಯ ಬಂಪರು ಬೈಕಿನ ನಂಬರ್ ಪ್ಲೇಟಿನ ಹತ್ತಿರ ಬಂದಿರುತ್ತೆ.

ಈ ಲೆಕ್ಕವನ್ನ ನಮ್ಮ ಕಡೆಯವರು ಯಾರೂ ಹಾಳೆಯ ಮೇಲೆ ಹಾಕೋದಿಲ್ಲ. ಕತ್ತು ಹೊರಳಿಸಿ ಕಣ್ಣಲ್ಲೇ ಹಾಕ್ತಾರೆ. ದಿನಕ್ಕೆ ಎಷ್ಟೋ ಸಲ ಹಾಕ್ತಾರೆ, ಬಹುಪಾಲು ಸರಿಯಾಗೇ ಹಾಕ್ತಾರೆ. ಒಂದು ಸಲ ತಪ್ಪಿದರೆ ಏನಾಗುತ್ತೆ ಅನ್ನೋದು ಈ ರಸ್ತೆಯ ಪಕ್ಕ ಇರೋ ತಳುಕು, ಹಿರೇಹಳ್ಳಿ, ಬಿ.ಜಿ. ಕೆರೆ, ಹಾನಗಲ್, ರಾಂಪುರದವರಿಗೆ ನಾವು ಹೇಳಬೇಕಾಗಿಲ್ಲ.

ನಾವು ಈ ಸಲ ಬರೆಯೋಕೆ ಹೊರಟಿರೋದು ಆ ಹತ್ತು ಸೆಕೆಂಡಿನ ಚರಿತ್ರೆ. ಚಾಲಕನೇ ಇಲ್ಲದ ಕಾರು, ಒಂದಕ್ಕೊಂದು ರೇಡಿಯೋದಲ್ಲಿ ಮಾತಾಡೋ ಕಾರು ಅಂತ ಯೂಟ್ಯೂಬಿನಲ್ಲಿ ನೀವೂ ನೋಡಿರ್ತೀರಿ. ಅವುಗಳಿಗೆ ನೇರ ದಾರಿಯಲ್ಲಿ ಓಡೋದು ಕಷ್ಟ ಆಗಲಿಲ್ಲ. ಕಷ್ಟ ಆಗಿದ್ದು, ಈಗಲೂ ಆಗ್ತಿರೋದು, ಪಕ್ಕದ ದಾರಿಯಿಂದ ಬಂದು ದೊಡ್ಡ ರಸ್ತೆಗೆ ಸೇರೋ ಜಾಗದಲ್ಲಿ ಮತ್ತು ಒಂದು ಪಥದಿಂದ ಇನ್ನೊಂದು ಪಥಕ್ಕೆ ಸರಿಯೋ ಹೊತ್ತಿನಲ್ಲಿ. ಬಿ.ಜಿ. ಕೆರೆಯ ಬೈಕಿಗೂ ಕ್ಯಾಲಿಫೋರ್ನಿಯಾದ ಕಾರಿಗೂ ಪ್ರಶ್ನೆ ಒಂದೇ: ಸೈಡ್ ಕೊಡೋರು ಯಾರು?

ಮೊದಲು ಕಾನೂನು ಏನು ಹೇಳುತ್ತೆ ನೋಡೋಣ. ಮುಖ್ಯ ರಸ್ತೆಗೆ ಸೇರುವವನು ಅಲ್ಲಿ ಆಗಲೇ ಓಡುತ್ತಿರುವ ಗಾಡಿಗಳಿಗೆ ದಾರಿ ಬಿಡಬೇಕು ಅಂತ 1989ರ ರಸ್ತೆ ನಿಯಮಗಳು ಹೇಳಿದ್ದವು. 2017ರಲ್ಲಿ ಅವುಗಳ ಜಾಗಕ್ಕೆ ಹೊಸ ಚಾಲನಾ ನಿಯಮಗಳು ಬಂದವು, ಈ ತಿರುಳು ಹಾಗೇ ಉಳಿಯಿತು. ಅಂದರೆ ಭಾರವೆಲ್ಲ ಸೇರುವವನ ತಲೆ ಮೇಲೆ. ಲಾರಿ ತನ್ನ ಪಾಡಿಗೆ ಬರುತ್ತೆ, ಬೈಕಿನವನು ಕಾಯಬೇಕು.

ಈಗ ಇನ್ನೊಂದು ಲೆಕ್ಕ. ಅದೇ ಲಾರಿಗೆ 500 ಮೀಟರ್ ಹಿಂದೆಯೇ ‘ಮುಂದೆ ಒಂದು ಬೈಕು ರಸ್ತೆಗೆ ಇಳೀತಿದೆ’ ಅಂತ ಗೊತ್ತಾಯ್ತು ಅನ್ನಿ. ಡ್ರೈವರು ಬ್ರೇಕ್ ಒತ್ತಬೇಕಾಗಿಲ್ಲ, ಕಾಲು ಸ್ವಲ್ಪ ಸಡಿಲಿಸಿ 80ರಿಂದ 70ಕ್ಕೆ ಬಂದರೆ ಸಾಕು. ಆ 500 ಮೀಟರ್ ದಾಟೋಕೆ ಮೊದಲು 22 ಸೆಕೆಂಡು ಚಿಲ್ಲರೆ ಆಗ್ತಿತ್ತು, ಈಗ 25 ಚಿಲ್ಲರೆ ಆಗುತ್ತೆ. ಲಾರಿ ಕಳಕೊಂಡಿದ್ದು ಮೂರು ಸೆಕೆಂಡು. ಬೈಕಿಗೆ ಸಿಕ್ಕಿದ್ದು ಸುಮಾರು 60 ಮೀಟರ್ ಜಾಗ. ಒಬ್ಬರ ಮೂರು ಸೆಕೆಂಡು ಇನ್ನೊಬ್ಬರ ಜೀವ ಉಳಿಸೋದಾದರೆ ಅದು ಅಗ್ಗದ ವ್ಯಾಪಾರ. ಆದರೆ 500 ಮೀಟರ್ ಹಿಂದೆ ಇರೋ ಡ್ರೈವರಿಗೆ, ಅಂಗಡಿಯ ಮರೆಯಲ್ಲೋ ಮರದ ಮರೆಯಲ್ಲೋ ಇರೋ ಬೈಕು ಕಾಣೋದಾದರೂ ಹೇಗೆ? ಎಂಬತ್ತು ವರ್ಷಕ್ಕೂ ಮೇಲಿನ ಸಂಶೋಧನೆಯೆಲ್ಲ ನಿಂತಿರೋದು ಈ ಪ್ರಶ್ನೆಯ ಮೇಲೆ.

ನಮ್ಮಲ್ಲಿ ಮೊದಲಿಂದ ಇದ್ದ ಮಾತು

ಗಾಡಿಗಳು ಒಂದರ ಜೊತೆ ಒಂದು ಮಾತಾಡೋದು ಹೊಸದೇನಲ್ಲ. ಹಾರ್ನ್ ಒಂದು ಮಾತು. ಡಿಪ್ಪರ್ ಒಂದು ಮಾತು. ಲಾರಿಯ ಹಿಂದೆ ‘ಸೌಂಡ್ ಹಾರ್ನ್’ ಅಂತ ಬರೆಸಿರೋದು, ‘ನನಗೆ ಹಿಂದೆ ಕಾಣಲ್ಲ, ನೀನೇ ಕೂಗಿ ಹೇಳು’ ಅನ್ನೋ ಕೋರಿಕೆ. ಕಂಡಕ್ಟರ್ ಹಿಂದಿನ ಬಾಗಿಲಲ್ಲಿ ನಿಂತು ‘ರೈಟ್, ರೈಟ್’ ಅಂದರೆ ಡ್ರೈವರು ಕನ್ನಡಿ ನೋಡದೆಯೂ ಬಸ್ಸು ಎತ್ತುತ್ತಾನೆ. ಲಾರಿಯ ಎಡಗಡೆ ಕೂತ ಕ್ಲೀನರ್ ಕೈ ಹೊರಗೆ ಚಾಚಿ ಬಾಗಿಲು ತಟ್ಟುತ್ತಿದ್ದ. ಆ ಕ್ಲೀನರ್ ಅಂದರೆ ಡ್ರೈವರಿನ ಎಡಗಣ್ಣು. ಈಗ ಎಷ್ಟೋ ಲಾರಿಗಳಲ್ಲಿ ಕ್ಲೀನರ್ ಇಲ್ಲ, ಆ ಕಣ್ಣು ಹೋಗಿದೆ. ಪಕ್ಕದ ದಾರಿಯಿಂದ ಸೇರುವವರು ಲಾರಿಗೆ ಎದುರಾಗೋದು ಅದೇ ಎಡಗಡೆಯಿಂದ ಅನ್ನೋದನ್ನ ಇಲ್ಲಿ ನೆನಪಿಡಬೇಕು.

ಈ ಮಾತಿನಲ್ಲಿ ಒಂದು ದೊಡ್ಡ ಗೊಂದಲ ಇದೆ. ಮುಂದಿನ ಲಾರಿ ಬಲಗಡೆ ಇಂಡಿಕೇಟರ್ ಹಾಕಿತು. ಅದರ ಅರ್ಥ ‘ನಾನು ಬಲಕ್ಕೆ ತಿರುಗ್ತೀನಿ, ಬರಬೇಡ’ ಅಂತಲೋ, ‘ದಾರಿ ಖಾಲಿ ಇದೆ, ನನ್ನ ಸೈಡ್ ಹೊಡ್ಕೊಂಡು ಹೋಗು’ ಅಂತಲೋ? ಪುಸ್ತಕದ ಅರ್ಥ ಒಂದು, ರಸ್ತೆಯ ಅರ್ಥ ಇನ್ನೊಂದು. ಒಂದು ಗುರುತಿಗೆ ಎರಡು ಅರ್ಥ ಇದ್ದರೆ ಮನುಷ್ಯ ಸಂದರ್ಭ ನೋಡಿ ಊಹಿಸುತ್ತಾನೆ, ಎಷ್ಟೋ ಸಲ ಊಹೆ ತಪ್ಪಿ ಎದುರಿನ ಗಾಡಿಗೆ ಗುದ್ದುತ್ತಾನೆ. ಯಂತ್ರಕ್ಕೆ ಈ ಸಂದರ್ಭದ ಊಹೆ ಇನ್ನೂ ಕಷ್ಟ. ಅದಕ್ಕೇ ಗಾಡಿಗಳ ರೇಡಿಯೋ ಮಾತಿಗೆ ಮೊದಲು ಬೇಕಾದದ್ದು ಎಲ್ಲರೂ ಒಪ್ಪಿದ ನಿಘಂಟು.

ರೈಲಿನವರು ಈ ಗೊಂದಲವನ್ನ ಬಹಳ ಹಿಂದೆಯೇ ಬಗೆಹರಿಸಿಕೊಂಡರು. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸ್ಟೇಷನ್ನುಗಳು ಚಿಕ್ಕಜಾಜೂರು–ರಾಯದುರ್ಗ ಮಾರ್ಗದಲ್ಲಿವೆ. ಇಂಥ ಮಾರ್ಗದಲ್ಲಿ ಹಳಿ ಒಂದೇ ಇದ್ದರೆ, ಆ ಕಡೆಯ ರೈಲೂ ಈ ಕಡೆಯ ರೈಲೂ ಒಂದೇ ಹೊತ್ತಿಗೆ ನುಗ್ಗಬಾರದು. ಅದಕ್ಕೆ ಭಾರತೀಯ ರೈಲ್ವೆಯಲ್ಲಿ ದಶಕಗಟ್ಟಲೆ ನಡೆದದ್ದು ನೀಲ್ಸ್ ಟೋಕನ್ ಯಂತ್ರ. ಎರಡು ಸ್ಟೇಷನ್ನುಗಳಲ್ಲಿ ಎರಡು ಪೆಟ್ಟಿಗೆ, ನಡುವೆ ತಂತಿ. ಇಬ್ಬರು ಸ್ಟೇಷನ್ ಮಾಸ್ತರರೂ ಒಪ್ಪಿದರೆ ಮಾತ್ರ ಒಂದು ಪೆಟ್ಟಿಗೆಯಿಂದ ಒಂದು ಲೋಹದ ಗುಂಡು ಹೊರಬರುತ್ತೆ. ಆ ಗುಂಡು ಕೈಗೆ ಸಿಗದೆ ಡ್ರೈವರ್ ಮುಂದಕ್ಕೆ ಹೋಗೋ ಹಾಗಿಲ್ಲ. ಒಂದು ಗುಂಡು ಹೊರಗಿರುವಾಗ ಇನ್ನೊಂದು ಬರೋದಿಲ್ಲ. ಬಳೆಯಾಕಾರದ ಬೆತ್ತದ ಚೀಲದಲ್ಲಿ ಆ ಗುಂಡನ್ನ ಓಡೋ ರೈಲಿನಿಂದಲೇ ಹಿಡಿದುಕೊಳ್ಳೋದನ್ನ ಹಿರಿಯರು ನೋಡಿರ್ತಾರೆ.

ಜಾಗವನ್ನ ಮೊದಲೇ ಕಾಯ್ದಿರಿಸಿ ಆಮೇಲೆ ಹೊರಡೋದು, ಇದೇ ಉಪಾಯ. 2004ರ ಸುಮಾರಿಗೆ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಡ್ರೆಸ್ನರ್ ಮತ್ತು ಸ್ಟೋನ್ ಅನ್ನೋರು ಚಾಲಕರಿಲ್ಲದ ಕಾರುಗಳು ವೃತ್ತ ದಾಟೋದಕ್ಕೆ ಇಂಥದ್ದನ್ನೇ ಸೂಚಿಸಿದರು. ಪ್ರತಿ ಕಾರು ‘ನನಗೆ ಇಷ್ಟು ಹೊತ್ತಿಗೆ ಇಷ್ಟು ಜಾಗ ಬೇಕು’ ಅಂತ ಕೇಳುತ್ತೆ, ವೃತ್ತದ ಕಂಪ್ಯೂಟರ್ ಕೊಡುತ್ತೆ ಇಲ್ಲ ನಿರಾಕರಿಸುತ್ತೆ. ಲೋಹದ ಗುಂಡಿನ ಬದಲು ರೇಡಿಯೋ ಸಂದೇಶ, ಅಷ್ಟೇ ವ್ಯತ್ಯಾಸ.

ತಂತಿ, ಆಯಸ್ಕಾಂತ, ಎಂಟು ಕಾರು

ರಸ್ತೆಯಲ್ಲಿ ಇದರ ಕನಸು ಶುರುವಾಗಿದ್ದು 1939ರಲ್ಲಿ. ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಜನರಲ್ ಮೋಟಾರ್ಸ್ ಕಂಪನಿ ‘ಫ್ಯೂಚುರಾಮ’ ಅನ್ನೋ ದೊಡ್ಡ ಮಾದರಿ ಊರು ಕಟ್ಟಿಸಿತು. ವಿನ್ಯಾಸ ನಾರ್ಮನ್ ಬೆಲ್ ಗೆಡ್ಡೆಸ್ ಅನ್ನೋರದು. 1960ರಲ್ಲಿ ರಸ್ತೆಗಳು ಹೇಗಿರ್ತವೆ ಅಂತ ತೋರಿಸೋ ಆಟಿಕೆ ಊರು ಅದು. ಅಲ್ಲಿ ಹೆದ್ದಾರಿಯ ಕಾರುಗಳು ರೇಡಿಯೋ ಹಿಡಿತದಲ್ಲಿ ಅಂತರ ಕಾಯ್ದುಕೊಂಡು ಓಡ್ತಿದ್ದವು. ಜನ ಸಾಲುಗಟ್ಟಿ ನೋಡಿದರು. ಕಾರು ಮಾರೋ ಕಂಪನಿಗೆ ದೊಡ್ಡ ರಸ್ತೆ ಬೇಕಿತ್ತು, ಸರ್ಕಾರ ರಸ್ತೆ ಮಾಡಿಸಲಿ ಅನ್ನೋ ಆಸೆಯೂ ಆ ಆಟಿಕೆಯೊಳಗೆ ಇತ್ತು ಅನ್ನೋದು ನಮ್ಮ ಅಭಿಪ್ರಾಯ.

1957ರಲ್ಲಿ ಆಟಿಕೆ ನಿಜವಾಯ್ತು, ಸ್ವಲ್ಪ ಮಟ್ಟಿಗೆ. ನೆಬ್ರಾಸ್ಕಾ ರಾಜ್ಯದ ಲಿಂಕನ್ ಊರಿನ ಹೊರಗೆ ಆರ್‌ಸಿಎ ಕಂಪನಿಯವರು ರಸ್ತೆಯ ಒಂದು ತುಂಡಿನಲ್ಲಿ ತಂತಿ ಹೂಳಿ, ಮೇಲೆ ಹೋಗೋ ಕಾರನ್ನ ಆ ತಂತಿಯೇ ಗುರುತು ಹಿಡಿಯೋ ಹಾಗೆ ಮಾಡಿದರು. ಅದರ ಹಿಂದಿದ್ದವರು ವ್ಲಾದಿಮಿರ್ ಜ್ವೊರಿಕಿನ್. ಟೆಲಿವಿಷನ್ ಬೆಳೆಸಿದವರಲ್ಲಿ ದೊಡ್ಡ ಹೆಸರು ಅವರದು. ತುಂಡು ಎಷ್ಟು ಉದ್ದ ಇತ್ತು ಅಂದರೆ 400 ಅಡಿ. ನಮ್ಮ ಯಾವ ಬಸ್ ನಿಲ್ದಾಣದ ಮುಂದಾದರೂ ಸಿಗೋ ಉದ್ದ.

ಅಲ್ಲಿವರೆಗೂ ಎಲ್ಲರ ತಲೆಯಲ್ಲಿದ್ದದ್ದು ಒಂದೇ ಸಾಲಿನಲ್ಲಿ ಹೋಗೋ ಕಾರು. ಸೇರೋ ಪ್ರಶ್ನೆಯನ್ನ ಗಣಿತದಲ್ಲಿ ಸರಿಯಾಗಿ ಹಿಡಿದಿದ್ದು 1969ರಲ್ಲಿ, ಎಂಐಟಿಯ ಮೈಕೇಲ್ ಅಥಾನ್ಸ್. ಇದನ್ನ ನಮ್ಮ ಸೀಮೆಯವರಿಗೆ ಹೇಳೋದು ಸುಲಭ. ಎರಡು ದಿಕ್ಕಿನಿಂದ ಎರಡು ಕುರಿ ಹಿಂಡು ಬಂದು ಒಂದೇ ರೊಪ್ಪದ ಬಾಗಿಲಿಗೆ ಸೇರಬೇಕು. ಬಾಗಿಲ ಹತ್ತಿರ ಬಂದ ಮೇಲೆ ‘ನೀನು ಮೊದಲು, ನಾನು ಮೊದಲು’ ಅಂದರೆ ನೂಕುನುಗ್ಗಲು. ಬಲ್ಲ ಕುರುಬ ಏನು ಮಾಡ್ತಾನೆ? ಇನ್ನೂ ದೂರ ಇರುವಾಗಲೇ ಒಂದು ಹಿಂಡನ್ನ ಸ್ವಲ್ಪ ತಡೀತಾನೆ, ಇನ್ನೊಂದನ್ನ ಸ್ವಲ್ಪ ಸಡಿಲಬಿಡ್ತಾನೆ. ಬಾಗಿಲಿಗೆ ಬರೋ ಹೊತ್ತಿಗೆ ಎರಡೂ ಒಂದೇ ಸಾಲಾಗಿರ್ತವೆ. ಅಥಾನ್ಸ್ ಹೇಳಿದ್ದೂ ಇದನ್ನೇ. ಎರಡು ರಸ್ತೆಯ ಗಾಡಿಗಳನ್ನ ಮೊದಲೇ ಒಂದು ಸಾಲು ಅಂತ ಭಾವಿಸಿ, ಎಲ್ಲರ ವೇಗವನ್ನೂ ಅಷ್ಟಷ್ಟು ತಿದ್ದಬೇಕು.

ಗಮನಿಸಿ, ‘ಎಲ್ಲರ’ ವೇಗವನ್ನೂ. ಕಾನೂನು ಸೇರುವವನ ಮೇಲೆ ಮಾತ್ರ ಹೊರಿಸಿದ್ದ ಭಾರವನ್ನ ಈ ಗಣಿತ ಇಬ್ಬರಿಗೂ ಹಂಚಿತು. ನಮಗೆ ಇಡೀ ಚರಿತ್ರೆಯಲ್ಲಿ ಮುಖ್ಯ ಅನಿಸೋದು ಈ ಒಂದು ಹೆಜ್ಜೆ.

1999ರಲ್ಲಿ ಜಪಾನಿನ ಸಂಶೋಧಕರು ಇದಕ್ಕೆ ಇನ್ನೊಂದು ಉಪಾಯ ಸೇರಿಸಿದರು. ಪಕ್ಕದ ದಾರಿಯಲ್ಲಿ ಬರ್ತಿರೋ ಕಾರಿನ ನೆರಳನ್ನ ಮುಖ್ಯ ರಸ್ತೆಯ ಮೇಲೆ ಇಡಬೇಕು. ನಿಜವಾದ ನೆರಳಲ್ಲ, ಕಂಪ್ಯೂಟರಿನ ಲೆಕ್ಕದ ನೆರಳು. ಮುಖ್ಯ ರಸ್ತೆಯ ಕಾರು ಆ ನೆರಳನ್ನ ತನ್ನ ಮುಂದಿರೋ ಕಾರು ಅಂತಲೇ ತಿಳಿದು ಅಂತರ ಬಿಡುತ್ತೆ. ದಾರಿಗಳು ಸೇರೋ ಜಾಗ ಬಂದಾಗ ನೆರಳಿದ್ದ ಜಾಗಕ್ಕೆ ನಿಜವಾದ ಕಾರು ಬಂದು ಕೂರುತ್ತೆ. ಜಾಗ ಆಗಲೇ ತಯಾರಿರುತ್ತೆ. ಇದಕ್ಕೆ ಬೇಕಾದದ್ದು ಒಂದೇ, ಎರಡು ಕಾರುಗಳ ನಡುವೆ ರೇಡಿಯೋ ಮಾತು.

ಅಷ್ಟು ಹೊತ್ತಿಗೆ ಅಮೆರಿಕದಲ್ಲಿ ದೊಡ್ಡ ಪ್ರಯೋಗ ನಡೆದು ಮುಗಿದಿತ್ತು. 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ‘ಪಾಥ್’ ಅನ್ನೋ ಸಂಶೋಧನಾ ಕಾರ್ಯಕ್ರಮ ಶುರುವಾಯ್ತು. ಅದರ ಮುಖ್ಯ ತಲೆಗಳಲ್ಲಿ ಒಬ್ಬರು ಮುಂಬೈಯಲ್ಲಿ ಹುಟ್ಟಿದ ಪ್ರವೀಣ್ ವರೈಯಾ, ಬರ್ಕ್‌ಲಿಯಲ್ಲಿ ಪ್ರೊಫೆಸರ್. ಅವರ ತಂಡ ಕಾರುಗಳ ಎಲ್ಲ ನಡೆಗಳನ್ನೂ ಮೂರಕ್ಕೆ ಇಳಿಸಿತು: ಸಾಲಿಗೆ ಸೇರೋದು, ಸಾಲಿನಿಂದ ಬಿಡಿಸಿಕೊಳ್ಳೋದು, ಪಥ ಬದಲಿಸೋದು. ಯಾವ ನಡೆಯನ್ನೂ ತನ್ನ ಇಷ್ಟಕ್ಕೆ ಮಾಡೋ ಹಾಗಿಲ್ಲ. ಮೊದಲು ಕೇಳಬೇಕು, ಎದುರಿನ ಕಾರು ಒಪ್ಪಬೇಕು, ಒಪ್ಪಿದ ಮೇಲೆ ನಡೆ ಮುಗಿಯೋವರೆಗೂ ಅದು ಬೇರೆ ಯಾರಿಗೂ ಒಪ್ಪಿಗೆ ಕೊಡಬಾರದು. ಹೆಣ್ಣು ಕೇಳೋ ಶಾಸ್ತ್ರದಷ್ಟೇ ಬಿಗಿ.

1997ರ ಆಗಸ್ಟ್‌ನಲ್ಲಿ ಸ್ಯಾನ್ ಡಿಯಾಗೋ ಹತ್ತಿರದ ಹೆದ್ದಾರಿಯಲ್ಲಿ ಇದನ್ನ ಜನರ ಮುಂದೆ ಓಡಿಸಿ ತೋರಿಸಿದರು. ಸುಮಾರು 12 ಕಿ.ಮೀ. ದಾರಿ, ರಸ್ತೆಯೊಳಗೆ ಹೂತ ಆಯಸ್ಕಾಂತಗಳು, ಎಂಟು ಬ್ಯೂಕ್ ಕಾರು. ಸ್ಟಿಯರಿಂಗ್ ಯಾರೂ ಮುಟ್ಟಲಿಲ್ಲ. ಕಾರಿನಿಂದ ಕಾರಿಗೆ ಆರೂವರೆ ಮೀಟರ್ ಅಂತರ. ಹೆದ್ದಾರಿಯ ವೇಗದಲ್ಲಿ! ನಮ್ಮಲ್ಲಿ ಜಾತ್ರೆಗೆ ಹೋಗೋ ಟ್ರ್ಯಾಕ್ಟರುಗಳು ನಿಧಾನಕ್ಕೆ ಸಾಲು ಹೋಗುವಾಗಲೂ ಇದಕ್ಕಿಂತ ಹೆಚ್ಚು ಅಂತರ ಬಿಡ್ತಾರೆ.

ತೋರಿಸಿದ್ದು ಗೆದ್ದಿತು, ಯೋಜನೆ ನಿಂತಿತು. ಸರ್ಕಾರ ದುಡ್ಡು ನಿಲ್ಲಿಸಿತು. ದೇಶದ ಹೆದ್ದಾರಿಗೆಲ್ಲ ಆಯಸ್ಕಾಂತ ಹೂಳೋರು ಯಾರು, ಮಾತು ಬಾರದ ಹಳೇ ಕಾರುಗಳಿಗೆ ಯಾವ ಪಥ, ಅಪಘಾತ ಆದರೆ ಹೊಣೆ ಯಾರು, ಇವುಗಳಿಗೆ ಉತ್ತರ ಇರಲಿಲ್ಲ. ಪ್ರವೀಣ್ ವರೈಯಾ 2022ರಲ್ಲಿ ತೀರಿಕೊಂಡರು.

ಒಂಟಿ ಕಾರುಗಳ ಕಾಲ

ಆಮೇಲೆ ಗಾಳಿ ಬೇರೆ ಕಡೆ ಬೀಸಿತು. ಬೇರೆ ಕಾರಿನ ಮಾತು ಬೇಡ, ರಸ್ತೆಯ ಸಹಾಯವೂ ಬೇಡ, ಕಾರಿಗೇ ಕಣ್ಣು ಕೊಡೋಣ ಅಂದರು. 2004ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ಸಂಸ್ಥೆ ದಾರ್ಪಾ ಮರುಭೂಮಿಯಲ್ಲಿ ಪಂದ್ಯ ಇಟ್ಟಿತು. ಒಂದು ಗಾಡಿಯೂ ಗುರಿ ಮುಟ್ಟಲಿಲ್ಲ. ಮುಂದಿನ ವರ್ಷ ಸ್ಟ್ಯಾನ್‌ಫರ್ಡ್‌ನವರ ‘ಸ್ಟ್ಯಾನ್ಲಿ’ ಗೆದ್ದಿತು. 2007ರ ನವೆಂಬರಿನಲ್ಲಿ ಊರಿನಂಥ ಬೀದಿಗಳಲ್ಲಿ ಪಂದ್ಯ ನಡೆಯಿತು. ಅಲ್ಲಿ ಎಂಐಟಿಯ ಕಾರೂ ಕಾರ್ನೆಲ್ ವಿಶ್ವವಿದ್ಯಾಲಯದ ಕಾರೂ ಒಂದಕ್ಕೊಂದು ಗುದ್ದಿದವು. ನಿಧಾನ ವೇಗ, ಯಾರಿಗೂ ಏನೂ ಆಗಲಿಲ್ಲ. ನಿಂತೂ ನಿಂತೂ ಹೊರಡುತ್ತಿದ್ದ ಒಂದು ಕಾರನ್ನ ಇನ್ನೊಂದು ದಾಟಿ ಮುಂದೆ ಬಂದು ಸೇರೋಕೆ ಹೋಗಿತ್ತು. ಇಬ್ಬರಿಗೂ ಕಣ್ಣಿತ್ತು. ಎದುರಿನವನ ಮನಸ್ಸಿನಲ್ಲಿ ಏನಿದೆ ಅನ್ನೋದು ಇಬ್ಬರಿಗೂ ಗೊತ್ತಿರಲಿಲ್ಲ, ಕೇಳೋ ದಾರಿಯೂ ಇರಲಿಲ್ಲ.

ಕಣ್ಣಿದ್ದರೂ ಸೇರೋದು ಎಷ್ಟು ಕಷ್ಟ ಅನ್ನೋದಕ್ಕೆ ಇನ್ನೊಂದು ಸಾಕ್ಷಿ. ವೇಮೋ ಕಂಪನಿಯ ಚಾಲಕರಿಲ್ಲದ ಟ್ಯಾಕ್ಸಿ ಫೀನಿಕ್ಸ್ ನಗರದಲ್ಲಿ ಸಾರ್ವಜನಿಕರಿಗೆ ಸಿಕ್ಕಿದ್ದು 2020ರಲ್ಲಿ. ಅದೇ ಟ್ಯಾಕ್ಸಿ ಪ್ರಯಾಣಿಕರನ್ನ ಕೂರಿಸಿಕೊಂಡು ದೊಡ್ಡ ಹೆದ್ದಾರಿಗೆ ಏರೋ ಸೇವೆ ಶುರುಮಾಡಿದ್ದು 2025ರ ನವೆಂಬರಿನಲ್ಲಿ. ಬೀದಿಯಿಂದ ಹೆದ್ದಾರಿಗೆ ಹತ್ತೋಕೆ ಐದು ವರ್ಷ ಹಿಡಿಯಿತು.

ರೇಡಿಯೋ ಮಾತಿನ ಕಥೆ ಇನ್ನೂ ನಿಧಾನ. ಗಾಡಿಗಳ ಮಾತಿಗಾಗಿಯೇ ಅಂತ 1999ರಲ್ಲಿ ಅಮೆರಿಕ ಸರ್ಕಾರ ರೇಡಿಯೋ ತರಂಗಗಳ ಒಂದು ಪಟ್ಟಿಯನ್ನ, 75 ಮೆಗಾಹರ್ಟ್ಸ್ ಅಗಲದ್ದು, ತೆಗೆದಿಟ್ಟಿತು. ಇಪ್ಪತ್ತು ವರ್ಷ ಅದು ಹೆಚ್ಚುಕಡಿಮೆ ಬೀಳು ಬಿದ್ದಿತ್ತು. ಬೀಳು ಹೊಲವನ್ನ ಸುಮ್ಮನೆ ಬಿಡ್ತಾರಾ? 2020ರಲ್ಲಿ ಅದರಲ್ಲಿ 45 ಮೆಗಾಹರ್ಟ್ಸ್ ಕಿತ್ತು ವೈಫೈಗೆ ಕೊಟ್ಟರು. ಜಪಾನಿನಲ್ಲಿ 2015ರಿಂದ ಕೆಲವು ಕಾರುಗಳಿಗೆ ಈ ಮಾತಿನ ಯಂತ್ರ ಬಂದಿದೆ.

ಅದೇ 2020ರಲ್ಲಿ ವಾಹನ ಇಂಜಿನಿಯರುಗಳ ಸಂಸ್ಥೆ ಎಸ್‌ಎಇ, ಗಾಡಿಗಳ ನಡುವಿನ ಸಹಕಾರವನ್ನ ನಾಲ್ಕು ಮೆಟ್ಟಿಲಾಗಿ ವಿಂಗಡಿಸಿತು. ನಮ್ಮ ಮಾತಲ್ಲಿ ಹೇಳೋದಾದರೆ ಹೀಗೆ. ಮೊದಲನೇದು, ‘ನಾನು ಇಲ್ಲಿದ್ದೀನಿ.’ ಎರಡನೇದು, ‘ನಾನು ಎಡಕ್ಕೆ ಬರ್ತಿದ್ದೀನಿ.’ ಮೂರನೇದು, ‘ಎಡಕ್ಕೆ ಬರಲಾ? ಜಾಗ ಬಿಡ್ತೀಯಾ?’ ನಾಲ್ಕನೇದು, ‘ನೀನು ನಿಲ್ಲು, ನೀನು ಹೊರಡು’ ಅಂತ ಒಬ್ಬರು ಅಪ್ಪಣೆ ಕೊಡೋದು, ಎಲ್ಲರೂ ಪಾಲಿಸೋದು. ರೈಲಿನ ಗುಂಡು ನಾಲ್ಕನೇ ಮೆಟ್ಟಿಲು. ನಮ್ಮ ಹಾರ್ನು ಮೊದಲನೇ ಮೆಟ್ಟಿಲಿನಲ್ಲೇ ಕೂತಿದೆ.

ಪಥ ಬದಲಿಸೋದೂ ಒಂದು ಪುಟ್ಟ ಸೇರುವಿಕೆಯೇ, ಅದರ ಪೆಟ್ಟು ಮಾತ್ರ ದೂರ ಹೋಗುತ್ತೆ. ಬಿ.ಜಿ. ಕೆರೆಯ ಹತ್ತಿರ ಶೇಂಗಾ ಬಳ್ಳಿ ಹೇರಿಕೊಂಡ ಟ್ರ್ಯಾಕ್ಟರು ಎಡ ಪಥಕ್ಕೆ ಇಳಿಯಿತು ಅನ್ನಿ. ಹಿಂದಿನ ಲಾರಿ ಬಲ ಪಥಕ್ಕೆ ಸರಿಯಿತು. ಆ ಪಥದಲ್ಲಿ 100ರಲ್ಲಿ ಬರ್ತಿದ್ದ ಕಾರು ಬ್ರೇಕ್ ಒತ್ತಿತು. ಅದರ ಹಿಂದಿನದ್ದು ಇನ್ನೂ ಜೋರಾಗಿ ಒತ್ತಿತು. ಈ ತಳ್ಳಾಟ ಅಲೆಯ ಹಾಗೆ ಹಿಂದಕ್ಕೆ ಹೋಗುತ್ತೆ. 2008ರಲ್ಲಿ ಜಪಾನಿನವರು 230 ಮೀಟರಿನ ಗುಂಡು ದಾರಿಯಲ್ಲಿ 22 ಕಾರು ಬಿಟ್ಟು, ಒಂದೇ ವೇಗದಲ್ಲಿ ಹೋಗಿ ಅಂದರು. ಅಡ್ಡ ಏನೂ ಇರಲಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲೇ ತಾನಾಗೇ ಜಾಮ್ ಹುಟ್ಟಿ ಹಿಂದಕ್ಕೆ ಹರಿಯಿತು. ಆಮೇಲೆ ಅಮೆರಿಕದ ಅರಿಜೋನಾದಲ್ಲಿ ಇದೇ ಆಟ ಆಡಿಸಿ, ಇಪ್ಪತ್ತು ಚಿಲ್ಲರೆ ಕಾರುಗಳ ನಡುವೆ ಕಂಪ್ಯೂಟರ್ ವೇಗ ನಡೆಸೋ ಒಂದೇ ಒಂದು ಕಾರು ಬಿಟ್ಟರು. ಅದು ಒಂದೇ ಸಮನೆ, ನುಗ್ಗದೆ ನಿಲ್ಲದೆ ಹೋಯ್ತು. ಅಲೆ ಅಡಗಿತು. ಇದನ್ನ ಓದಿ ನಮಗೆ ನೆನಪಾಗಿದ್ದು ನಾಯಕನಹಟ್ಟಿ ತೇರಿನ ಜನಸಂದಣಿ. ಗದ್ದಲದ ನಡುವೆ ಒಬ್ಬರು ಯಜಮಾನರು ಅವಸರ ಇಲ್ಲದೆ ನಡೆದರೆ ಅವರ ಹಿಂದಿನವರೂ ತಳ್ಳೋದು ಬಿಡ್ತಾರೆ.

ನಮ್ಮ ಕಾವಲಿನ ಮೇಲೆ

ಚಾಲಕರಿಲ್ಲದ ಗಾಡಿ ಅಂದರೆ ನಮಗೆ ಅಮೆರಿಕದ ಸುದ್ದಿ ಅಲ್ಲ. ಚಳ್ಳಕೆರೆ ತಾಲ್ಲೂಕಿನ ಜನ ತಲೆ ಎತ್ತಿದರೆ ಕಾಣೋ ಸುದ್ದಿ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯದಲ್ಲಿ 2016ರ ನವೆಂಬರಿನಲ್ಲಿ ರುಸ್ತುಂ-2 ಅನ್ನೋ ಪೈಲಟ್ ಇಲ್ಲದ ವಿಮಾನ ಮೊದಲ ಸಲ ಹಾರಿತು. 2017ರ ಮೇ 28ರಂದು ಆ ವಲಯ ಅಧಿಕೃತವಾಗಿ ಉದ್ಘಾಟನೆ ಆಯ್ತು. 2022ರ ಜುಲೈ 1ರಂದು ಬಾಲ ಇಲ್ಲದ, ರೆಕ್ಕೆ ಮಾತ್ರ ಇರೋ ಇನ್ನೊಂದು ವಿಮಾನ ತಾನೇ ಏರಿ ತಾನೇ ಇಳಿಯಿತು.

ಪಥ ತಿದ್ದೋ ವಿದ್ಯೆಯ ಅಂದವಾದ ಉದಾಹರಣೆ ಕೂಡ ಇಲ್ಲೇ ನಡೀತು. ಇಸ್ರೋದವರು ಮತ್ತೆ ಮತ್ತೆ ಬಳಸಬಹುದಾದ ಉಡಾವಣಾ ವಾಹನವನ್ನ ವಾಯುಪಡೆಯ ಚಿನೂಕ್ ಹೆಲಿಕಾಪ್ಟರಿಗೆ ನೇತುಹಾಕಿ ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟರು. ಮೊದಲ ಸಲ 2023ರ ಏಪ್ರಿಲ್ 2. ಎರಡನೇ ಸಲ, 2024ರ ಮಾರ್ಚ್ 22ರಂದು, ರನ್‌ವೇ ನೇರಕ್ಕೆ ಬಿಡದೆ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಮೂರನೇ ಸಲ, ಜೂನ್ 23ರಂದು, 500 ಮೀಟರ್ ಪಕ್ಕಕ್ಕೆ. ‘ಪುಷ್ಪಕ್’ ಪ್ರತಿ ಸಲ ತಾನೇ ಓರೆ ತಿದ್ದಿಕೊಂಡು ರನ್‌ವೇಯ ನಡುಗೆರೆಗೆ ಬಂದು, ಗಂಟೆಗೆ 320 ಕಿ.ಮೀ.ಗೂ ಮಿಕ್ಕ ವೇಗದಲ್ಲಿ ನೆಲ ಮುಟ್ಟಿತು.

ಮೆಚ್ಚಬೇಕಾದ ಕೆಲಸವೇ. ಆದರೆ ಒಂದು ಮಾತು ಹೇಳಲೇಬೇಕು. ಆ ರನ್‌ವೇ ಮೇಲೆ ಇನ್ನೊಬ್ಬರು ಇರಲಿಲ್ಲ. ಅಡ್ಡ ಬರೋ ಕುರಿ ಇಲ್ಲ, ಟ್ರ್ಯಾಕ್ಟರ್ ಇಲ್ಲ. ಸೈಡ್ ಕೊಡೋರು ಯಾರು ಅನ್ನೋ ಪ್ರಶ್ನೆ ಆಕಾಶದಲ್ಲಿ ಏಳಲಿಲ್ಲ, ಯಾಕಂದರೆ ಅದು ನೆಲದ ಮೇಲೆ ಮೊದಲೇ ತೀರ್ಮಾನ ಆಗಿತ್ತು. ಆ ನೆಲ ಅಮೃತಮಹಲ್ ಕಾವಲು. ಮೈಸೂರು ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ಯಾಗಿದ್ದ ದನಗಳ ಇಲಾಖೆಗೆ ಟಿಪ್ಪು ಇಟ್ಟ ಹೆಸರು ಅಮೃತಮಹಲ್. ಸೈನ್ಯದ ಸಾಮಾನು ಎಳೆಯೋ ಎತ್ತುಗಳು ಋತುವಿಗೆ ತಕ್ಕಂತೆ ಕಾವಲಿನಿಂದ ಕಾವಲಿಗೆ ಸಾಗುತ್ತಿದ್ದವು. ಸುತ್ತಲಿನ ಊರುಗಳ ದನ ಕುರಿಗಳೂ ಮುಂದೆ ಅದೇ ಹುಲ್ಲನ್ನ ನಂಬಿ ಬದುಕಿದವು. 2008ರಿಂದ 2010ರ ಸುಮಾರಿಗೆ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಇವೆಲ್ಲಕ್ಕೂ ಸೇರಿ ಈ ಕಾವಲಿನಲ್ಲಿ ಸುಮಾರು 10,000 ಎಕರೆ ಕೊಡಲಾಯ್ತು. ಬೇಲಿ ಬಿತ್ತು. ದೊಡ್ಡಉಳ್ಳಾರ್ತಿ ಮತ್ತು ಸುತ್ತಲಿನ ಊರಿನವರು ಹೋರಾಡಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯ್ತು.

2019ರ ಸೆಪ್ಟೆಂಬರ್ 17ರಂದು ಇದೇ ವಲಯದಿಂದ ಹಾರಿದ ಪೈಲಟ್ ಇಲ್ಲದ ವಿಮಾನವೊಂದು ಜೋಡಿಚಿಕ್ಕೇನಹಳ್ಳಿ ಹತ್ತಿರ ಹೊಲಕ್ಕೆ ಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ.

ಪಕ್ಕಕ್ಕೆ ಸರಿಸೋದು

ನೆಲದ ಮೇಲೆ ಇದೇ ಕಥೆ ಇನ್ನೊಂದು ರೂಪದಲ್ಲಿ ನಡೀತು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆ ಆಯ್ತು. 118 ಕಿ.ಮೀ. ಉದ್ದ, ನಡುವೆ ಓಡೋಕೆ ಆರು ಪಥ, ಎರಡೂ ಬದಿಗೆ ಸರ್ವಿಸ್ ರಸ್ತೆ. ಕೆಲವೇ ತಿಂಗಳಲ್ಲಿ ಸಾವಿನ ಸುದ್ದಿ ಸಾಲು ಸಾಲು ಬಂತು. ವೇಗದ ಕಾರೂ ನಿಧಾನದ ಬೈಕೂ ಒಂದೇ ಪಥದಲ್ಲಿ ಸೇರೋದು ಅಪಾಯ ಅಂತ, ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನ ಮುಖ್ಯ ಪಥಗಳಿಂದ ಹೊರಗಿಟ್ಟರು. ಕ್ಯಾಮೆರಾಗಳೂ ಬಂದವು.

ಜೀವ ಉಳಿಯೋದಾದರೆ ನಾವು ಬೇಡ ಅನ್ನೋದಿಲ್ಲ. ಆದರೂ ಇಬ್ಬರು ಸೇರಲಾರರು ಅಂದಾಗ ಹೊರಗೆ ಹೋಗೋದು ಯಾವಾಗಲೂ ಬಡವನ ಗಾಡಿಯೇ ಅನ್ನೋದು ಕಣ್ಣಿಗೆ ಬೀಳುತ್ತೆ. ಇದು ನಮ್ಮಲ್ಲಿ ಮಾತ್ರ ಆಗಿದ್ದಲ್ಲ. 1920ರ ದಶಕದಲ್ಲಿ ಅಮೆರಿಕದ ನಗರಗಳಲ್ಲಿ ಕಾರು ಹೆಚ್ಚಾದಾಗ, ಅದುವರೆಗೆ ರಸ್ತೆ ತುಂಬ ಓಡಾಡುತ್ತಿದ್ದ ಪಾದಚಾರಿಗಳನ್ನೇ ತಪ್ಪಿತಸ್ಥರು ಅಂತ ಮಾಡಿ ಅಂಚಿಗೆ ಸರಿಸಿದರು. ಮೈಸೂರು ಹೆದ್ದಾರಿಗಾದರೂ ಪಕ್ಕದಲ್ಲಿ ಸರ್ವಿಸ್ ರಸ್ತೆ ಇದೆ. ಸರ್ವಿಸ್ ರಸ್ತೆ ತುಂಡು ತುಂಡಾಗಿ ನಿಲ್ಲೋ ಹೆದ್ದಾರಿಗಳಲ್ಲಿ ಬೈಕಿನವರು ಸೇರಲೇಬೇಕು, ಬೇರೆ ದಾರಿ ಇಲ್ಲ.

ನಮ್ಮ ದೇಶದಲ್ಲಿ ಚಾಲಕರಿಲ್ಲದ ಕಾರಿನ ಕೆಲಸ ನಡೀತಾನೇ ಇದೆ. 2022ರ ಜುಲೈನಲ್ಲಿ ಹೈದರಾಬಾದ್ ಐಐಟಿಯಲ್ಲಿ ಪರೀಕ್ಷಾ ಮೈದಾನ ಶುರುವಾಯ್ತು. 2025ರ ಅಕ್ಟೋಬರ್ ಕೊನೆಯಲ್ಲಿ ವಿಪ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಇಂಜಿನಿಯರಿಂಗ್ ಕಾಲೇಜು ಸೇರಿ ಮಾಡಿದ ಕಾರು ಬೆಂಗಳೂರಿನ ಕಾಲೇಜು ಆವರಣದಲ್ಲಿ ಓಡಿದ ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರಬಹುದು. ಇನ್ನೊಂದು ಕಡೆ, ಡ್ರೈವರುಗಳ ಕೆಲಸ ಹೋಗುತ್ತೆ ಅನ್ನೋ ಕಾರಣಕ್ಕೆ ಇಂಥ ಕಾರುಗಳಿಗೆ ಅವಕಾಶ ಕೊಡೋದಿಲ್ಲ ಅಂತ ಕೇಂದ್ರ ಹೆದ್ದಾರಿ ಸಚಿವ ನಿತಿನ್ ಗಡ್ಕರಿ 2017ರಲ್ಲೂ 2023ರಲ್ಲೂ ಹೇಳಿದ್ದಾರೆ. ಲಾರಿ, ಟ್ಯಾಕ್ಸಿ ಓಡಿಸಿ ಮನೆ ನಡೆಸೋರು ನಮ್ಮ ತಾಲ್ಲೂಕುಗಳಲ್ಲಿ ಎಷ್ಟೋ ಜನ, ಅವರಿಗೆ ಇದು ಸಣ್ಣ ಮಾತಲ್ಲ.

ಆದರೆ ಮಾತಾಡೋ ಗಾಡಿಗೆ ಡ್ರೈವರು ಇರಬಾರದು ಅಂತೇನಿಲ್ಲ. ಡ್ರೈವರ್ ಕೂತೇ ಇರಲಿ, ಗಾಡಿ ‘ಮುಂದೆ ಬೈಕು ಇಳೀತಿದೆ’ ಅಂತ ಅವನ ಕಿವಿಗೆ ಹೇಳಲಿ. ಕ್ಲೀನರ್ ಮಾಡ್ತಿದ್ದ ಕೆಲಸ ಅದೇ ಅಲ್ವಾ? 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆದಾಗಲೇ ನಮ್ಮ ಲಾರಿ ಕಾರುಗಳು ಟೋಲ್ ಗೇಟಿನ ಜೊತೆ ರೇಡಿಯೋದಲ್ಲಿ ಮಾತಾಡೋಕೆ ಶುರು ಮಾಡಿದವು. ದುಡ್ಡು ಕಟ್ಟೋ ವಿಷಯಕ್ಕೆ ಗಾಡಿಗೆ ಮಾತು ಬಂತು. ಜೀವದ ವಿಷಯಕ್ಕೆ ಇನ್ನೂ ಬಂದಿಲ್ಲ. ಬಂದಾಗಲೂ ಅದು ಮೊದಲು ದೊಡ್ಡ ಕಾರಿಗೆ ಬರುತ್ತೆ, ಬೈಕಿಗೆ ತಡವಾಗಿ, ಟ್ರ್ಯಾಕ್ಟರಿಗೆ ಎಲ್ಲಕ್ಕಿಂತ ಕೊನೆಗೆ. ಮಾತು ಬಾರದ ಗಾಡಿ ಪಕ್ಕದಲ್ಲಿದ್ದರೆ ಮಾತು ಬರುವ ಗಾಡಿ ಹೇಗೆ ನಡಕೊಳ್ಳಬೇಕು ಅನ್ನೋದು ಇವತ್ತಿಗೂ ಸಂಶೋಧಕರು ಗುದ್ದಾಡ್ತಿರೋ ಪ್ರಶ್ನೆ. ಎತ್ತಿನ ಗಾಡಿಯೂ ಕಂಟೇನರ್ ಲಾರಿಯೂ ಒಂದೇ ದಾರಿಯಲ್ಲಿ ಹೋಗೋ ನಮ್ಮ ಕಡೆಗಿಂತ ಅದಕ್ಕೆ ಒಳ್ಳೇ ಪ್ರಯೋಗಶಾಲೆ ಎಲ್ಲಿ ಸಿಗುತ್ತೆ? ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆ ಕ್ಯಾಂಪಸ್ ಕುದಾಪುರದಲ್ಲೇ ಇದೆ. ಅಲ್ಲಿಂದ ಹೆದ್ದಾರಿ ದೂರ ಇಲ್ಲ.

ಯಂತ್ರ ಬರೋವರೆಗೆ ಕೇಳಬಹುದಾದ್ದು ಎರಡಿದೆ. ಒಂದು, ಸೇರೋ ಜಾಗದಲ್ಲಿ ವೇಗ ಹಿಡಿಯೋಕೆ ಅಂತಲೇ ಒಂದು ಉದ್ದನೆ ಪಕ್ಕದ ಪಥ. ಬೈಕು ಅದರಲ್ಲಿ 60ಕ್ಕೆ ಬಂದ ಮೇಲೆ ಮುಖ್ಯ ಪಥಕ್ಕೆ ಸರಿದರೆ, ಮೇಲೆ ಹೇಳಿದ 140 ಮೀಟರ್ ಕರಗೋ ಪ್ರಶ್ನೆಯೇ ಏಳಲ್ಲ. ನಾಲ್ಕು ಪಥದ ಹೆದ್ದಾರಿಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾಡಿರೋ ಕೈಪಿಡಿಯ ಹೆಸರು ಐಆರ್‌ಸಿ:ಎಸ್‌ಪಿ:84. ಸರ್ವಿಸ್ ರಸ್ತೆ, ಅಂಡರ್‌ಪಾಸ್, ಸೇರೋ ಜಾಗ ಇವೆಲ್ಲ ಅದರ ವ್ಯಾಪ್ತಿಗೆ ಬರ್ತವೆ. ಗ್ರಾಮಸಭೆಯ ನಿರ್ಣಯದಲ್ಲಿ ‘ರಸ್ತೆ ಸರಿ ಮಾಡಿಕೊಡಿ’ ಅನ್ನೋ ಬದಲು ಈ ಕೈಪಿಡಿಯ ಹೆಸರು ಬರೆದು, ಯಾವ ಜಾಗದಲ್ಲಿ ಎಷ್ಟು ಮೀಟರ್ ಪಥ ಇದೆ ಅಂತ ಟೇಪು ಹಿಡಿದು ಅಳೆದು ಬರೆದರೆ ಇಂಜಿನಿಯರು ಉತ್ತರ ಕೊಡಬೇಕಾಗುತ್ತೆ. ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033.

ಇನ್ನೊಂದು, ‘ನಾನು ಇಲ್ಲಿದ್ದೀನಿ’ ಅನ್ನೋ ಮೊದಲ ಮೆಟ್ಟಿಲು. ಶೇಂಗಾ ಕಿತ್ತು ಬಳ್ಳಿ ಹೇರೋ ಹೊತ್ತಿನಲ್ಲಿ ಟ್ರೈಲರಿನ ಹಿಂದಿನ ದೀಪ ಹೊಟ್ಟು ಬಳ್ಳಿಯಲ್ಲಿ ಮುಚ್ಚಿಹೋಗಿರುತ್ತೆ. ಸಂಜೆ ಏಳರ ಮೇಲೆ ಹಿಂದಿನಿಂದ ಬರುವ ಲಾರಿಗೆ ಅದು ಕತ್ತಲೆಯ ಒಂದು ತುಂಡಿನ ಹಾಗೆ ಕಾಣುತ್ತೆ. ಬಳ್ಳಿಯ ಮೇಲಿಂದ ಹಗ್ಗಕ್ಕೆ ಕಟ್ಟಿ ಇಳಿಬಿಡೋ ಒಂದು ಕೆಂಪು ರೇಡಿಯಂ ಹಲಗೆ ಲಾರಿಯ ಹೆಡ್‌ಲೈಟಿಗೆ ದೂರದಿಂದಲೇ ಹೊಳೆಯುತ್ತೆ. ಡ್ರೈವರು ಕಾಲು ಸಡಿಲಿಸೋಕೆ ಅಷ್ಟು ಸಾಕು.